ಪಾತಾಳಕ್ಕೆ ಹೋಗಿ ಬಂದವರು ಯಾರು?

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಸಂಘದ ಗ್ರಂಥಾಲಯದಲ್ಲಿ ಮಕ್ಕಳ ಓದುಕೂಟ ನಡೆದದ್ದು ಸದಸ್ಯರಿಗೆಲ್ಲ ತಿಳಿದಿದೆ. ಭಾನುವಾರ ಭಾನುವಾರ ಹತ್ತು ಹನ್ನೆರಡು ಮಕ್ಕಳು ಕಲೆತು, ತಾವು ಓದಿದ ಪುಸ್ತಕವೊಂದರ ವಿಷಯವನ್ನು ಉಳಿದವರಿಗೆ ಹೇಳಬೇಕು. ಪುಸ್ತಕ ಯಾವ ಭಾಷೆಯದಾದರೂ ಆಗಬಹುದು, ಹೇಳುವುದು ಮಾತ್ರ ಕನ್ನಡದಲ್ಲಿ, ಇದೊಂದೇ ಕಟ್ಟಳೆ. ಇಂಗ್ಲಿಷ್ ಶಾಲೆಗೆ ಹೋಗಿ, ಗೆಳೆಯರೊಡನೆ ಹಿಂದಿ ಮರಾಠಿ ಆಡುವ ಮುಂಬಯಿಯ ಮಕ್ಕಳ ಬಾಯಲ್ಲಿ ಮನೆಮಾತು ಸಲೀಸಾಗಲಿ ಎಂಬುದು ನಮ್ಮ ಆಶಯ.

ಒಂದು ಭಾನುವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಫ್ರಾನ್ಸಿನ ಲೇಖಕ ಜೂಲ್ಸ್ ವೆರ್ನ್‌ನ ‘ಭೂಕೇಂದ್ರಕ್ಕೆ ಪಯಣ’ ಕಾದಂಬರಿಯ ಕಥೆಯನ್ನು ಬಹಳ ಚೆನ್ನಾಗಿ ಹೇಳಿದಳು. ಹೇಳಿ ಮುಗಿಸಿ ಕೂರಲಿಲ್ಲ. ಚೀಲದಿಂದ ತನ್ನ ಶಾಲೆಯ ವಿಜ್ಞಾನದ ಪುಸ್ತಕ ತೆಗೆದು, ಭೂಮಿಯನ್ನು ಹಣ್ಣಿನ ಹಾಗೆ ಹೋಳು ಮಾಡಿ ತೋರಿಸಿದ ಬಣ್ಣದ ಚಿತ್ರವನ್ನು ನಮ್ಮ ಮುಂದೆ ಹಿಡಿದಳು. “ಇದರಲ್ಲಿ ಸಮುದ್ರವೇ ಇಲ್ಲವಲ್ಲ? ಕಥೆ ಸುಳ್ಳೋ, ಚಿತ್ರ ಸುಳ್ಳೋ? ಅಲ್ಲಿಗೆ ಹೋಗಿ ನೋಡಿಕೊಂಡು ಬಂದವರು ಯಾರು?” ಎಂದು ಕೇಳಿದಳು.

ಹಿರಿಯರಾಗಿ ಕೂತಿದ್ದ ನಾವು ಏನೋ ಒಂದು ಹೇಳಿದೆವು. “ಕಥೆ ಕಥೆಯೇ ಅಮ್ಮಾ” ಎಂದಿತು ಒಂದು ದನಿ. “ವಿಜ್ಞಾನಿಗಳು ಕಂಡುಹಿಡಿದಿದ್ದಾರೆ” ಎಂದಿತು ಇನ್ನೊಂದು. ಹುಡುಗಿ ಸುಮ್ಮನೆ ಕೂತಳು. ಅದು ಉತ್ತರವಲ್ಲವೆಂದು ಆಕೆಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಆ ಸಂಕೋಚದಿಂದಲೇ ನಾವು ಕಾದಂಬರಿಯನ್ನು ಮತ್ತೆ ತೆಗೆದು ಓದಿದೆವು; ಪಠ್ಯಪುಸ್ತಕದ ಚಿತ್ರವನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿದೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗ ನಮಗೆ ತೋರಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾದಂಬರಿ. ಇದು ಪ್ರಕಟವಾದದ್ದು 1864ರಲ್ಲಿ; ಕೆಲವು ಅಧ್ಯಾಯಗಳನ್ನು ಸೇರಿಸಿದ ಪರಿಷ್ಕೃತ ಮುದ್ರಣ 1867ರಲ್ಲಿ ಬಂತು. ಜರ್ಮನಿಯ ಹ್ಯಾಂಬರ್ಗ್ ನಗರದ ಖನಿಜವಿಜ್ಞಾನದ ಪ್ರೊಫೆಸರ್ ಲೀಡನ್‌ಬ್ರಾಕ್‌ಗೆ ಹಳೆಯ ಪುಸ್ತಕವೊಂದರೊಳಗೆ ಒಂದು ಗುಪ್ತಲಿಪಿಯ ಚೀಟಿ ಸಿಗುತ್ತದೆ. ಐಸ್‌ಲೆಂಡಿನ ಸ್ನೆಫೆಲ್ ಎಂಬ ಆರಿದ ಜ್ವಾಲಾಮುಖಿಯ ಬಾಯೊಳಗೆ ಇಳಿದರೆ ಭೂಮಿಯ ಕೇಂದ್ರಕ್ಕೆ ದಾರಿಯಿದೆ, ತಾನು ಹೋಗಿ ಬಂದಿದ್ದೇನೆ ಎಂದು ಹದಿನಾರನೆಯ ಶತಮಾನದ ಸಾಕ್ನುಸೆಮ್ ಎಂಬ ರಸವಾದಿ ಅದರಲ್ಲಿ ಬರೆದಿರುತ್ತಾನೆ. ಪ್ರೊಫೆಸರನೂ ಅವನ ಅಣ್ಣನ ಮಗ ಆಕ್ಸೆಲನೂ ಹಾನ್ಸ್ ಎಂಬ ಮಿತಭಾಷಿ ದಾರಿಗಾರನೊಂದಿಗೆ ಇಳಿಯುತ್ತಾರೆ. ನೀರಿಲ್ಲದೆ ಬಾಯಾರಿ ಸಾಯುವ ಗಳಿಗೆ, ಕತ್ತಲೆಯಲ್ಲಿ ದಾರಿ ತಪ್ಪಿದ ಆಕ್ಸೆಲ್, ನೆಲದಡಿಯ ಒಂದು ದೊಡ್ಡ ಕಡಲು, ಅದರಲ್ಲಿ ಕಾದಾಡುವ ಪ್ರಾಚೀನ ಜಲಸರ್ಪಗಳು, ಕೊನೆಗೆ ಇಟಲಿಯ ಸ್ಟ್ರಾಂಬೊಲಿ ಜ್ವಾಲಾಮುಖಿ ಇವರನ್ನು ಮೇಲಕ್ಕೆ ಉಗುಳುವುದು, ಇಷ್ಟು ಕಥೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಿಮ್ಮ ಮನೆಯ ಪ್ರತಿಯಲ್ಲಿ ಪ್ರೊಫೆಸರನ ಹೆಸರು ಹಾರ್ಡ್‌ವಿಗ್ ಎಂದೂ ಹುಡುಗನ ಹೆಸರು ಹ್ಯಾರಿ ಎಂದೂ ಇದ್ದರೆ, ಅದು 1871ರಲ್ಲಿ ಲಂಡನ್ನಿನಲ್ಲಿ ಬಂದ ಅನುವಾದ. ಅನುವಾದಕರು ಹೆಸರುಗಳನ್ನಷ್ಟೇ ಅಲ್ಲ, ಮಾತುಗಳನ್ನೂ ತಮಗೆ ತೋಚಿದಂತೆ ತಿದ್ದಿ ಹಿಗ್ಗಿಸಿದ್ದಾರೆ. ಅಗ್ಗದ ಮರುಮುದ್ರಣಗಳಲ್ಲಿ ಇಂದಿಗೂ ಇದೇ ಹೆಚ್ಚಾಗಿ ಸಿಗುತ್ತದೆ. ಲೀಡನ್‌ಬ್ರಾಕ್ ಮತ್ತು ಆಕ್ಸೆಲ್ ಇರುವ ಪ್ರತಿಯನ್ನು ಹುಡುಕಿ ಕೊಳ್ಳುವುದು ಲೇಸು.

ಕಾದಂಬರಿಯ ರುಚಿ ಯಾವುದರಲ್ಲಿದೆ? ಜಲಸರ್ಪಗಳ ಕಾದಾಟದಲ್ಲಿ ಎಂದು ಮಕ್ಕಳು ಹೇಳಿಯಾರು. ನಮ್ಮ ಮಟ್ಟಿಗೆ ಅದು ಪ್ರಯಾಣ ಹೊರಡುವ ಮೊದಲೇ ಚಿಕ್ಕಪ್ಪನಿಗೂ ಹುಡುಗನಿಗೂ ನಡೆಯುವ ಜಗಳದಲ್ಲಿದೆ. ನೆಲದೊಳಗೆ ಪ್ರತಿ 70 ಅಡಿಗೆ ಒಂದು ಡಿಗ್ರಿಯಂತೆ ಬಿಸಿ ಏರುತ್ತದೆ, ಈ ಲೆಕ್ಕ ಹಿಡಿದರೆ ಕೇಂದ್ರದಲ್ಲಿ ಚಿನ್ನ ಪ್ಲಾಟಿನಂ ಕೂಡ ಉರಿವ ಅನಿಲವಾಗಿರಬೇಕು, ಅಲ್ಲಿಗೆ ಹೋಗುವುದು ಹೇಗೆ ಎಂದು ಆಕ್ಸೆಲ್ ಕೇಳುತ್ತಾನೆ. ಚಿಕ್ಕಪ್ಪ ಗದರಿಸುವುದಿಲ್ಲ, ವಾದಕ್ಕೆ ಇಳಿಯುತ್ತಾನೆ. ಮನುಷ್ಯ ತೋಡಿ ನೋಡಿರುವುದು ಭೂಮಿಯ ತ್ರಿಜ್ಯದ ಅತಿ ಸಣ್ಣ ಅಂಶ. ಅಷ್ಟರಿಂದ ಕೇಂದ್ರದ ಲೆಕ್ಕ ಹಾಕುವುದು ಸರಿಯೇ? ಒಳಗೆಲ್ಲ ದ್ರವವೇ ಇದ್ದರೆ ಚಂದ್ರನ ಸೆಳೆತಕ್ಕೆ ಅದು ದಿನಕ್ಕೆ ಎರಡು ಬಾರಿ ಉಬ್ಬರವಿಳಿತಗೊಂಡು, ನೆಲ ಹೊತ್ತು ಹೊತ್ತಿಗೆ ನಡುಗಬೇಕಿತ್ತಲ್ಲ?

ಈ ಎರಡನೆಯ ವಾದ ವೆರ್ನ್ ಸುಮ್ಮನೆ ಹೊಸೆದದ್ದಲ್ಲ. ಆ ಕಾಲದ ವಿಜ್ಞಾನಿಗಳು ನಿಜವಾಗಿ ಆಡುತ್ತಿದ್ದ ವಾದ. ಕಾದಂಬರಿ ಬರುವ ಹಿಂದಿನ ವರ್ಷ, 1863ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ಉಬ್ಬರವಿಳಿತಗಳ ಲೆಕ್ಕದಿಂದಲೇ ಭೂಮಿ ಒಟ್ಟಾರೆಯಾಗಿ ಗಾಜಿಗಿಂತ ಗಟ್ಟಿಯಾದ, ಬಹುಶಃ ಉಕ್ಕಿನಷ್ಟು ಗಟ್ಟಿಯಾದ ಗೋಳವೆಂದು ತೋರಿಸಿದ್ದ. ಹೀಗೆ ಲೀಡನ್‌ಬ್ರಾಕ್ ಅರ್ಧ ಸರಿ, ಆಕ್ಸೆಲ್ ಇನ್ನರ್ಧ ಸರಿ. ಬಿಸಿ ಏರುವುದು ನಿಜ. ಆದರೆ ಮೇಲಿನ ಏರಿಕೆಯ ಪ್ರಮಾಣ ಕೇಂದ್ರದವರೆಗೆ ಹಾಗೇ ಮುಂದುವರಿಯುವುದಿಲ್ಲ. ಇಂದಿನ ಅಂದಾಜಿನಲ್ಲಿ ಕೇಂದ್ರದ ಶಾಖ 5,000ದಿಂದ 6,000 ಡಿಗ್ರಿ ಸೆಲ್ಸಿಯಸ್. ಆಕ್ಸೆಲನ ಲೆಕ್ಕಕ್ಕಿಂತ ಎಷ್ಟೋ ಕಡಿಮೆ, ಚಿಕ್ಕಪ್ಪನ ಆಸೆಗಿಂತ ಎಷ್ಟೋ ಹೆಚ್ಚು. ಪ್ರಮಾಣ ಕೇಳಿದವನಿಗೆ ಪ್ರಮಾಣದಿಂದ ಉತ್ತರ ಕೊಡುವ ಈ ಗುಣಕ್ಕಾಗಿ ವೆರ್ನ್‌ನನ್ನು ಮೆಚ್ಚಬೇಕು.

ಮೆಚ್ಚುಗೆ ಇಷ್ಟಾಯಿತು. ಇನ್ನು ದೋಷ. 1864ರವನಿಗೆ ಇಂದಿನ ತಿಳಿವಳಿಕೆ ಇರಲಿಲ್ಲವೆಂದು ಬೈಯುವುದು ನ್ಯಾಯವಲ್ಲ. ಐಸ್‌ಲೆಂಡಿನಡಿಯಲ್ಲಿ ಆತ ಅತಿ ಪ್ರಾಚೀನ ಶಿಲಾಸ್ತರಗಳನ್ನೂ ಕಲ್ಲಿದ್ದಲ ಪದರಗಳನ್ನೂ ಸಾಲಾಗಿ ಜೋಡಿಸುತ್ತಾನೆ. ನಿಜಕ್ಕೆ ಆ ದ್ವೀಪ ಭೂಮಿಯ ಎಳೆಗೂಸು, ಅದರ ಮೇಲ್ಮೈಯ ಅತ್ಯಂತ ಹಳೆಯ ಕಲ್ಲಿಗೂ ಸುಮಾರು 1.6 ಕೋಟಿ ವರ್ಷವಷ್ಟೇ ವಯಸ್ಸು. ಅಟ್ಲಾಂಟಿಕ್ ಸಾಗರದ ನಡುವೆ ನೆಲ ಬಿರಿದು ಹೊಸ ಕಲ್ಲು ಹುಟ್ಟುವ ಗೆರೆಯ ಮೇಲೆ ಅದು ಕೂತಿದೆ. ಇದನ್ನು ಅಂದು ಯಾರೂ ಅರಿಯರು. ಈ ತಪ್ಪನ್ನು ಮನ್ನಿಸೋಣ.

ಮನ್ನಿಸಲಾಗದ ತಪ್ಪು ಬೇರೊಂದಿದೆ. ಕಾದಂಬರಿಯ ಭೂಮಿ ಒಳಗೆ ಟೊಳ್ಳು ಟೊಳ್ಳು. ಓಣಿಗಳು, ಮೊಗಸಾಲೆಗಳು, ಕಡಲು ಹಿಡಿಸುವಷ್ಟು ದೊಡ್ಡ ಗುಹೆ. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1798ರಲ್ಲೇ, ವೆರ್ನ್ ಬರೆಯುವುದಕ್ಕೆ ಅರುವತ್ತಾರು ವರ್ಷ ಮೊದಲೇ, ಸೀಸದ ಗುಂಡುಗಳ ನಡುವಣ ಅತಿ ಸೂಕ್ಷ್ಮ ಸೆಳೆತವನ್ನು ಅಳೆದು ಇಡೀ ಭೂಮಿಯ ಸರಾಸರಿ ಸಾಂದ್ರತೆಯನ್ನು ಕಂಡುಹಿಡಿದಿದ್ದ. ಅದು ನೀರಿನ ಸುಮಾರು ಐದೂವರೆ ಪಟ್ಟು. ನಮ್ಮ ಕಾಲಡಿಯ ಕಲ್ಲುಗಳ ಸಾಂದ್ರತೆ ನೀರಿನ ಮೂರು ಪಟ್ಟಿಗಿಂತ ಹೆಚ್ಚಿಲ್ಲ. ಹಗುರವಾದ ಸಿಪ್ಪೆಯ ಹಣ್ಣು ಒಟ್ಟಿನಲ್ಲಿ ಇಷ್ಟು ಭಾರ ತೂಗಬೇಕಾದರೆ ಒಳಗೆ ಟೊಳ್ಳಿರುವುದಲ್ಲ, ಕಬ್ಬಿಣದಂಥ ಭಾರದ ತಿರುಳು ಇರಬೇಕು. ತರಕಾರಿ ಮಾರುಕಟ್ಟೆಯಲ್ಲಿ ಕುಂಬಳಕಾಯಿ ಕೈಯಲ್ಲಿ ತೂಗಿ ನೋಡುವ ಗೃಹಿಣಿಗೂ ಹೊಳೆಯುವ ತರ್ಕ ಇದು. ಲೀಡನ್‌ಬ್ರಾಕನಂಥ ಪಂಡಿತ ಉಬ್ಬರವಿಳಿತದ ವಾದವನ್ನು ಎತ್ತಿ, ತೂಕದ ವಾದವನ್ನು ಮರೆಯುತ್ತಾನೆಂದರೆ ಅದು ಲೇಖಕನ ಜಾಣಮರೆವು. ತೂಕ ನೆನಪಾದರೆ ಕಥೆ ನಿಲ್ಲುತ್ತಿತ್ತು.

ಆದರೆ ಕಾದಂಬರಿಗೆ ಅಂಟಿಕೊಂಡ ಈ ಆಸೆ ವೆರ್ನ್ ಒಬ್ಬನದಲ್ಲ. ನೆಲದಡಿಯಲ್ಲಿ ಜಾಗವಿದೆ, ಬೆಳಕಿದೆ, ಬಾಳುವವರಿದ್ದಾರೆ ಎಂಬುದು ಎಲ್ಲ ಜನಾಂಗಗಳ ಹಳೆಯ ಕನಸು. ಅತಳ ವಿತಳ ಸುತಳಗಳಿಂದ ಹಿಡಿದು ಪಾತಾಳದವರೆಗೆ ಏಳು ಅಂತಸ್ತುಗಳನ್ನು ನಮ್ಮವರೂ ಕಟ್ಟಿದರು, ಬಲಿಚಕ್ರವರ್ತಿಯನ್ನು ಅಲ್ಲಿ ನೆಲೆಗೊಳಿಸಿದರು. ಖಗೋಳವಿಜ್ಞಾನಿ ಎಡ್ಮಂಡ್ ಹ್ಯಾಲಿಯೇ 1692ರಲ್ಲಿ ಭೂಮಿ ಒಂದರೊಳಗೊಂದು ಟೊಳ್ಳು ಚಿಪ್ಪುಗಳಿಂದಾಗಿದೆ ಎಂದು ಬರೆದಿದ್ದ. ಹಾಗಿರುವಾಗ ನಮ್ಮ ಓದುಕೂಟದ ಹುಡುಗಿ ಅಲ್ಲಿ ಕಡಲು ಹುಡುಕಿದ್ದು ಸಹಜವೇ.

ಈಗ ಆಕೆಯ ಮುಖ್ಯ ಪ್ರಶ್ನೆಗೆ ಬರೋಣ: ನೋಡಿ ಬಂದವರು ಯಾರು? ಯಾರೂ ಇಲ್ಲ. ಇದನ್ನು ನಾವು ಅಂದೇ ನೇರವಾಗಿ ಹೇಳಬೇಕಿತ್ತು. ನಮ್ಮವರು ಇಳಿದ ಅತಿ ಆಳ ಕೋಲಾರದ ಚಿನ್ನದ ಗಣಿಯದು. ಅದು 3 ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಅಲ್ಲಿನ ಬಂಡೆಯ ಕಾವಿಗೆ ತಂಪು ಗಾಳಿಯನ್ನು ಯಂತ್ರದಿಂದ ಕಳಿಸಬೇಕಾಗುತ್ತಿತ್ತು, ಮೇಲಿನ ಒತ್ತಡಕ್ಕೆ ಬಂಡೆಗಳು ಸಿಡಿದು ಎಷ್ಟೋ ಮಂದಿ ಕಾರ್ಮಿಕರು ಪ್ರಾಣ ತೆತ್ತರು. 2001ರಲ್ಲಿ ಆ ಗಣಿ ಮುಚ್ಚಿತು. ಜನ ಇಳಿಯದೆ ಬರಿಯ ಬೈರಿಗೆ ಇಳಿದ ಅತಿ ಆಳದ ಕೊಳವೆಬಾವಿ ರಷ್ಯದ ಕೋಲಾ ಪ್ರದೇಶದ್ದು. 1970ರಲ್ಲಿ ಕೊರೆಯತೊಡಗಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ನೂರು ಡಿಗ್ರಿ ಇದ್ದೀತೆಂದು ಎಣಿಸಿದ್ದ ಕಡೆ ಸುಮಾರು 180 ಡಿಗ್ರಿ ಶಾಖ ಎದುರಾಗಿ ಕೆಲಸ ಮುಂದೆ ಸಾಗಲಿಲ್ಲ. ಭೂಮಿಯ ತ್ರಿಜ್ಯವೋ 6,371 ಕಿಲೋಮೀಟರು. ನೂರು ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ಭೂಮಿಯ ಚಿತ್ರ ಬರೆದರೆ, ಕೇಂದ್ರ ಮೇಲಿನಿಂದ 64 ಸೆಂಟಿಮೀಟರ್ ಕೆಳಗೆ. ಕೋಲಾದ ಬಾವಿ ಒಂದು ಮಿಲಿಮೀಟರಿಗಿಂತ ಚೂರು ಹೆಚ್ಚು. ಕೋಲಾರದ ಗಣಿ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು.

ಹಾಗಾದರೆ ತಿಳಿದದ್ದು ಹೇಗೆ? ಊರಲ್ಲಿ ಬೆಳೆದ ಹಿರಿಯರಿಗೆ ಪಾತಾಳಗರಡಿಯ ನೆನಪಿರಬಹುದು. ಬಾವಿಗೆ ಕೊಡ ಬಿದ್ದರೆ ಕೊಂಡಿಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ಇಳಿದವರಿಲ್ಲ, ತಳ ಕಂಡವರಿಲ್ಲ. ಆದರೆ ಹಗ್ಗ ಹಿಡಿದ ಕೈಗೆ ಇದು ಕೆಸರು, ಇದು ಕಲ್ಲು, ಇದು ಕೊಡದ ಕಂಠ ಎಂದು ತಿಳಿಯುತ್ತಿತ್ತು. ಭೂಮಿಗೆ ಇಳಿಬಿಟ್ಟ ಪಾತಾಳಗರಡಿ ಎಂದರೆ ಭೂಕಂಪದ ಅಲೆ. ಎಲ್ಲೋ ನೆಲ ನಡುಗಿದಾಗ ಅಲೆಗಳು ಭೂಮಿಯ ಒಡಲನ್ನು ಹಾದು, ಇನ್ನೊಂದು ಮಗ್ಗುಲಲ್ಲಿ ಮೇಲೇಳುತ್ತವೆ. ಎಷ್ಟು ಹೊತ್ತಿಗೆ ಬಂದವು, ಎಲ್ಲಿ ಬಾಗಿದವು, ಎಲ್ಲಿ ಬಾರದೇ ಹೋದವು ಎಂಬ ಲೆಕ್ಕದಿಂದ ದಾರಿಯಲ್ಲಿ ಏನಿದ್ದೀತೆಂದು ಊಹಿಸಬಹುದು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾದ ಭೂಕಂಪ ಮುಂಬಯಿಯಲ್ಲೂ ಮಲಗಿದವರನ್ನು ಎಬ್ಬಿಸಿತ್ತು. ಅಂಥ ಒಂದೊಂದು ದುರಂತದ ಅಲೆಯೂ ದೂರದೇಶಗಳ ಯಂತ್ರಗಳಲ್ಲಿ ಗೀಚುಗೆರೆಯಾಗಿ ದಾಖಲಾಗುತ್ತದೆ.

ಆ ಗೀಚುಗೆರೆಗಳನ್ನು ಓದುವ ವಿದ್ಯೆಗೆ ನಮ್ಮ ದೇಶದ ಒಂದು ದೊಡ್ಡ ಅನಾಹುತವೇ ಪಾಠವಾಯಿತು. 1897ರ ಜೂನ್ 12ರಂದು ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಸಿಸಿದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಯೂರೋಪಿನಲ್ಲಿ ದಾಖಲಾದ ಅದರ ಗೆರೆಗಳಲ್ಲಿ ಮೂರು ಬಗೆಯ ಅಲೆಗಳನ್ನು ಆತ ಬೇರೆ ಬೇರೆಯಾಗಿ ಗುರುತಿಸಿದ: ಮೊದಲು ಬರುವ, ತಳ್ಳುತ್ತ ಸಾಗುವ ಪ್ರಾಥಮಿಕ ಅಲೆ, ಆಮೇಲೆ ಬರುವ, ಅಡ್ಡಡ್ಡ ಅಲುಗುತ್ತ ಸಾಗುವ ದ್ವಿತೀಯಕ ಅಲೆ, ಕೊನೆಗೆ ನೆಲದ ಮೇಲ್ಮೈ ಹಿಡಿದು ಬರುವ ಅಲೆ. 1906ರಲ್ಲಿ ಈ ಅಲೆಗಳ ತಡವರಿಕೆಯಿಂದಲೇ ಭೂಮಿಗೆ ಬೇರೆ ಜಾತಿಯ ಒಂದು ತಿರುಳಿದೆ ಎಂದು ತೋರಿಸಿದ. 1909ರ ಒಂದು ಭೂಕಂಪವನ್ನು ಪರಿಶೀಲಿಸಿದ ಕ್ರೊವೇಷಿಯದ ಮೊಹೊರೊವಿಚಿಚ್, ಮೇಲಿನ ಭೂಕವಚ ಮುಗಿದು ಮ್ಯಾಂಟಲ್ ಮೊದಲಾಗುವ ಗಡಿಯನ್ನು ಕಂಡ. ಜರ್ಮನಿಯ ಗುಟೆನ್‌ಬರ್ಗ್ 1914ರಲ್ಲಿ ತಿರುಳಿನ ಗಡಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿದೆಯೆಂದು ಲೆಕ್ಕಹಾಕಿದ. ಅಡ್ಡ ಅಲುಗುವ ಅಲೆ ದ್ರವದಲ್ಲಿ ಸಾಗಲಾರದು. ತಿರುಳಿನೊಳಗೆ ಅದು ಸಾಗಿ ಬಂದ ಗುರುತಿಲ್ಲ. ಇದರ ಜೊತೆಗೆ ಉಬ್ಬರವಿಳಿತದ ಲೆಕ್ಕವನ್ನೂ ಸೇರಿಸಿ, 1926ರಲ್ಲಿ ಹೆರಾಲ್ಡ್ ಜೆಫ್ರೀಸ್ ಆ ತಿರುಳು ದ್ರವವೆಂದು ಸಾಧಿಸಿದ.

ಅಲ್ಲಿಗೂ ಕಥೆ ಮುಗಿಯಲಿಲ್ಲ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ಭೂಕಂಪವಾಯಿತು. ಪೂರಾ ದ್ರವದ ತಿರುಳಾದರೆ ಅಲೆ ಕಾಣಿಸಬಾರದಾಗಿದ್ದ ಊರುಗಳ ಯಂತ್ರಗಳಲ್ಲಿ ಮಸುಕಾದ ಅಲೆಗಳು ಕಂಡವು. ಇತರರು ಅದನ್ನು ಹೇಗೋ ಸಮಾಧಾನ ಮಾಡಿಕೊಂಡರು. ಡೆನ್ಮಾರ್ಕಿನ ಇಂಗೆ ಲೆಹ್ಮನ್ ಎಂಬ ಮಹಿಳೆ ಸಮಾಧಾನ ಮಾಡಿಕೊಳ್ಳಲಿಲ್ಲ. ದ್ರವದ ನಡುವೆ ಇನ್ನೊಂದು ಗೋಳವಿದೆ, ಅದಕ್ಕೆ ತಾಕಿ ಅಲೆಗಳು ತಿರುಗಿವೆ ಎಂದು 1936ರಲ್ಲಿ ಸಾರಿದಳು. ಅದೇ ಒಳ ಕೇಂದ್ರಗೋಳ. ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಘನ ಕಬ್ಬಿಣ, ಜೊತೆಗೆ ನಿಕ್ಕಲ್. ಆಕೆ 104 ವರ್ಷ ಬಾಳಿ 1993ರಲ್ಲಿ ತೀರಿಕೊಂಡಳು. ಭೂಮಿಯ ಹೃದಯವನ್ನು ಕಂಡವಳು ತನ್ನ ಮೇಜನ್ನು ಬಿಟ್ಟು ಎಲ್ಲಿಗೂ ಇಳಿದವಳಲ್ಲ. ಓದುಕೂಟದ ಹುಡುಗಿಗೆ ನಾವು ಹೇಳಬೇಕಿದ್ದ ಹೆಸರು ಇದು.

ಈಗ ಆಕೆ ಹಿಡಿದ ಚಿತ್ರವನ್ನು ನೋಡೋಣ. ಆ ಪುಸ್ತಕದ ಹೆಸರು ಬೇಡ. ಇಂಥ ಚಿತ್ರ ಹತ್ತು ಪುಸ್ತಕಗಳಲ್ಲಿದೆ. ಭೂಕವಚ, ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ, ಹೆಸರುಗಳೆಲ್ಲ ಸರಿ. ಆದರೆ ಮೊದಲ ದೋಷ ಅಳತೆಯದು. ಖಂಡಗಳಡಿಯ ಭೂಕವಚ ಸರಾಸರಿ 30ರಿಂದ 40 ಕಿಲೋಮೀಟರು, ಸಾಗರದಡಿಯಲ್ಲಿ 6–7 ಕಿಲೋಮೀಟರು ಮಾತ್ರ. ನಮ್ಮ 64 ಸೆಂಟಿಮೀಟರಿನ ಲೆಕ್ಕದಲ್ಲಿ ಖಂಡದ ಕವಚವೂ ನಾಲ್ಕು ಮಿಲಿಮೀಟರು ಮೀರದು. ಚಿತ್ರದಲ್ಲೋ ಅದು ಕಿತ್ತಳೆಯ ಸಿಪ್ಪೆಯಷ್ಟು ದಪ್ಪ. ಹೆಸರು ಬರೆಯಲು ಸ್ಥಳ ಬೇಕಾಗಿ ಹಾಗೆ ಮಾಡಿರಬಹುದು. ಅದನ್ನು ಒಂದು ಸಾಲಿನಲ್ಲಿ ತಿಳಿಸಿದ್ದರೆ ಸಾಕಿತ್ತು.

ಎರಡನೆಯ ದೋಷ ದೊಡ್ಡದು. ಮ್ಯಾಂಟಲನ್ನು ಕುದಿಯುವ ಕೆಂಪು ಪಾಯಸದ ಹಾಗೆ ಬಣ್ಣಿಸಿ, ಜ್ವಾಲಾಮುಖಿಗಳು ಅದರಿಂದ ನೇರ ಉಕ್ಕುವಂತೆ ಗೆರೆ ಎಳೆದಿದ್ದಾರೆ. ಅಡ್ಡ ಅಲುಗುವ ಅಲೆ ಮ್ಯಾಂಟಲಿನ ಉದ್ದಗಲಕ್ಕೂ ಸಾಗುತ್ತದೆ. ಆದ್ದರಿಂದ ಅದು ಬಹುಪಾಲು ಘನವಾದ ಕಲ್ಲು. ಆದರೂ ಅದು ಹರಿಯುತ್ತದೆ, ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ. ಘನವಾದದ್ದು ಹರಿಯುವುದು ಹೇಗೆಂದರೆ, ಅರಗಿನ ಕಡ್ಡಿಯನ್ನು ನೆನೆಯಿರಿ. ಹೊಡೆದರೆ ಚೂರಾಗುತ್ತದೆ, ಬೆಚ್ಚಗಿನ ಜಾಗದಲ್ಲಿ ಓರೆಯಾಗಿ ಒರಗಿಸಿಟ್ಟರೆ ದಿನಗಳೆದಂತೆ ಬಾಗುತ್ತದೆ. ಅಷ್ಟು ಶಾಖದಲ್ಲೂ ಅದು ಕರಗದಿರಲು ಮೇಲಿನ ಒತ್ತಡ ಕಾರಣ. ಕುಕ್ಕರಿನೊಳಗೆ ನೀರು ನೂರು ಡಿಗ್ರಿ ದಾಟಿಯೂ ನೀರಾಗಿಯೇ ಉಳಿಯುವಂತೆ, ಒತ್ತಡದಲ್ಲಿ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಆ ಕಲ್ಲು ನಿಧಾನವಾಗಿ ಮೇಲೇರಿ ಒತ್ತಡ ಇಳಿದಾಗ ಅದರ ಸ್ವಲ್ಪ ಭಾಗ ಕರಗುತ್ತದೆ. ಐಸ್‌ಲೆಂಡಿನಲ್ಲಿ ಉಕ್ಕುವ ಲಾವಾರಸ ಹೀಗೆ ಹುಟ್ಟಿದ್ದು. ಕೇಂದ್ರದಲ್ಲಿ ಒತ್ತಡ ಸುಮಾರು 36 ಲಕ್ಷ ವಾಯುಮಂಡಲಗಳಷ್ಟು. ಅದಕ್ಕಾಗಿಯೇ ಅತ್ಯಂತ ಬಿಸಿಯಾದ ಒಳಗೋಳ ಘನ, ಅದರ ಹೊರಗಿನ ಗೋಳ ದ್ರವ.

ಮೂರನೆಯ ದೋಷವೇ ನಮಗೆ ಹೆಚ್ಚು ನೋವು ತಂದದ್ದು. ಆ ಪಾಠದಲ್ಲಿ ಓಲ್ಡ್‌ಹ್ಯಾಮ್ ಇಲ್ಲ, ಲೆಹ್ಮನ್ ಇಲ್ಲ, ಭೂಕಂಪದ ಅಲೆಯಿಲ್ಲ, ‘ಹೇಗೆ ಗೊತ್ತು’ ಎಂಬ ಒಂದು ವಾಕ್ಯವಿಲ್ಲ. ಪದರಗಳ ಹೆಸರು, ಆಳ, ಬಿಟ್ಟ ಸ್ಥಳ ತುಂಬಿರಿ, ಅಲ್ಲಿಗೆ ಮುಗಿಯಿತು. ವೆರ್ನ್‌ನ ಕಾದಂಬರಿಯಲ್ಲಿ ಸಂಗತಿ ಸುಳ್ಳು, ಆದರೆ ವಿಚಾರ ಮಾಡುವ ರೀತಿ ನಿಜ. ಪಠ್ಯಪುಸ್ತಕದಲ್ಲಿ ಸಂಗತಿ ಬಹುಮಟ್ಟಿಗೆ ನಿಜ, ವಿಚಾರವೇ ಇಲ್ಲ. ಪ್ರಮಾಣವಿಲ್ಲದೆ ನಂಬಿಸಿದ ಕೇಂದ್ರಗೋಳಕ್ಕೂ ಪ್ರಮಾಣವಿಲ್ಲದೆ ನಂಬಿಸಿದ ರಸಾತಳಕ್ಕೂ ಮಗುವಿನ ಮನಸ್ಸಿನಲ್ಲಿ ಏನು ವ್ಯತ್ಯಾಸ? ಪ್ರಶ್ನೆ ಕೇಳಿದ ಹುಡುಗಿ ಇದನ್ನೇ ತನ್ನ ರೀತಿಯಲ್ಲಿ ಕೇಳಿದ್ದಳು.

ಹಾಗೆಂದು ನಿಜವಾದ ಪಾತಾಳ ಕಥೆಯ ಪಾತಾಳಕ್ಕಿಂತ ನೀರಸವೆಂದು ತಿಳಿಯಬಾರದು. ವೆರ್ನ್‌ನ ಪ್ರಯಾಣಿಕರು ಕೇಂದ್ರವನ್ನು ಮುಟ್ಟುವುದೇ ಇಲ್ಲವೆಂಬುದನ್ನು ಬಹಳ ಓದುಗರು ಗಮನಿಸುವುದಿಲ್ಲ. ಅವರ ಕಡಲು ಇರುವುದು ಸುಮಾರು 35 ಲೀಗ್, ಎಂದರೆ 140 ಕಿಲೋಮೀಟರ್ ಆಳದಲ್ಲಿ. ಆ ಆಳದ ಒತ್ತಡ ನಲವತ್ತು ಸಾವಿರ ವಾಯುಮಂಡಲಗಳಿಗೂ ಹೆಚ್ಚು. ಗುಹೆ ತೆರೆದು ನಿಲ್ಲುವ ಮಾತೇ ಇಲ್ಲ. ಆದರೆ ಖಂಡಗಳ ಹಳೆಯ ದಪ್ಪ ಬುಡದ ಕೆಳಗೆ, ಹೆಚ್ಚುಕಡಿಮೆ ಅದೇ ಆಳದಿಂದ ಮೊದಲುಗೊಂಡು ಇಂಗಾಲವು ವಜ್ರವಾಗಿ ನಿಲ್ಲುತ್ತದೆ. ಸುತ್ತ ಆಲಿವೀನ್ ಎಂಬ ಹಸಿರು ಖನಿಜ. ಚೊಕ್ಕವಾದ ಹರಳು ಸಿಕ್ಕರೆ ಆಭರಣದಂಗಡಿಯವರು ಪೆರಿಡಾಟ್ ಎಂದು ಮಾರುವುದು ಇದನ್ನೇ. ಎಂದರೆ ಮೇಲಿನ ಮ್ಯಾಂಟಲಿನ ನಿಜವಾದ ಬಣ್ಣ ಚಿತ್ರದ ಕೆಂಪಲ್ಲ, ಹಸಿರಿನ ಛಾಯೆಯದು.

ಇನ್ನು ಆ ಕಡಲಿನ ಮಾತು. ಬ್ರೆಜಿಲ್ ದೇಶದಲ್ಲಿ ಸಿಕ್ಕ ಒಂದು ಸಣ್ಣ ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಲುಕಿತ್ತೆಂದು 2014ರಲ್ಲಿ ಪ್ರಕಟವಾಯಿತು. ಆ ಖನಿಜ 500 ಕಿಲೋಮೀಟರಿಗೂ ಕೆಳಗಿನ ಒತ್ತಡದಲ್ಲಿ ಹುಟ್ಟುವಂಥದು. ಅದರ ತೂಕದಲ್ಲಿ ಶೇಕಡಾ ಒಂದಕ್ಕೂ ಮಿಕ್ಕಿ ನೀರಿತ್ತು. ಹನಿಯಾಗಿ ಅಲ್ಲ, ಹರಳಿನ ಕಟ್ಟಿನೊಳಗೆ ಬೆರೆತು. ಆ ಮಟ್ಟದ ಕಲ್ಲೆಲ್ಲ ಹೀಗೆಯೇ ಇದೆಯೇ, ಅಲ್ಲೊಂದು ಇಲ್ಲೊಂದು ಕಡೆ ಮಾತ್ರವೇ ಎಂಬ ಚರ್ಚೆ ಮುಗಿದಿಲ್ಲ. ಹುಡುಗಿ ಹುಡುಕಿದ ಕಡಲು ಅಲ್ಲಿಲ್ಲ. ಕಲ್ಲಿನೊಳಗೆ ಕಲ್ಲಾಗಿ ಕೂತ ನೀರು ಮಾತ್ರ ಉಂಟು.

ಕಾದಂಬರಿಯಲ್ಲಿ ಇನ್ನೊಂದು ಸೊಗಸಾದ ಪ್ರಸಂಗವಿದೆ. ಪ್ರಯಾಣಿಕರ ದಿಕ್ಸೂಚಿ ಉತ್ತರವನ್ನು ದಕ್ಷಿಣವೆಂದು ತೋರಿಸಿ ಅವರನ್ನು ದಿಕ್ಕುಗೆಡಿಸುತ್ತದೆ. ಕಡಲ ಮೇಲಿನ ಬಿರುಗಾಳಿಯಲ್ಲಿ ಸಿಡಿದ ಬೆಂಕಿಯುಂಡೆ ಅದನ್ನು ತಿರುಗಿಸಿತ್ತೆಂದು ಕೊನೆಗೆ ತಿಳಿಯುತ್ತದೆ. ನಿಜ ಇದಕ್ಕಿಂತ ದೊಡ್ಡದು. ಹೊರ ಕೇಂದ್ರಗೋಳದ ದ್ರವ ಕಬ್ಬಿಣ ಸುಳಿಸುಳಿಯಾಗಿ ಹರಿಯುವುದರಿಂದಲೇ ಭೂಮಿಗೆ ಕಾಂತಶಕ್ತಿ. ಆ ಹರಿವು ಬದಲಾದಂತೆ ಭೂಮಿಯ ಇಡೀ ದಿಕ್ಸೂಚಿಯೇ ಎಷ್ಟೋ ಬಾರಿ ಹಿಂದುಮುಂದಾಗಿದೆ. ಕೊನೆಯ ಸಲ ಸುಮಾರು 7.8 ಲಕ್ಷ ವರ್ಷದ ಹಿಂದೆ. ಲಾವಾರಸ ಆರಿ ಕಲ್ಲಾಗುವಾಗ ಅಂದಿನ ಉತ್ತರ ಯಾವುದೆಂದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ.

ಇಂಥ ಬರಹವನ್ನು ನೋಡಲು ಐಸ್‌ಲೆಂಡಿಗೆ ಹೋಗಬೇಕಿಲ್ಲ. ಮುಂಬಯಿಯಿಂದ ಊರಿನ ಕಡೆ ಹೋಗುವಾಗ ಬಸ್ಸು ಘಟ್ಟ ಹತ್ತುತ್ತಿರುವಂತೆ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಕಪ್ಪು ಬಂಡೆಯೇ ಅದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಮ್ಯಾಂಟಲಿನಿಂದ ಎದ್ದ ರಸ ಅಲೆಯ ಮೇಲೆ ಅಲೆಯಾಗಿ ಹರಡಿ ದಖನ್ನಿನ ಬಸಾಲ್ಟಾಯಿತು. ಇಂದು ಉಳಿದಿರುವುದೇ ಸುಮಾರು ಐದು ಲಕ್ಷ ಚದರ ಕಿಲೋಮೀಟರು. ಅಷ್ಟು ರಸ ಎದ್ದುದೇಕೆ ಎಂಬ ವಾದ ಪಂಡಿತರಲ್ಲಿ ಇನ್ನೂ ನಡೆಯುತ್ತಿದೆ. 1950ರ ದಶಕದಲ್ಲಿ ಈ ಕಲ್ಲಿನ ಕಾಂತಬರಹವನ್ನು ಓದಿದಾಗ ಎರಡು ಸಂಗತಿ ಹೊರಬಿದ್ದವು. ಸಹ್ಯಾದ್ರಿಯ ಬಹುಪಾಲು ಪದರಗಳಲ್ಲಿ ಉತ್ತರ ದಕ್ಷಿಣಗಳು ಆಕ್ಸೆಲನ ದಿಕ್ಸೂಚಿಯಂತೆ ತಿರುಗುಮುರುಗಾಗಿವೆ. ಆ ಕಲ್ಲು ಆರಿದ ಕಾಲಕ್ಕೆ ನಮ್ಮ ನೆಲ ಸಮಭಾಜಕ ವೃತ್ತದ ದಕ್ಷಿಣಕ್ಕಿತ್ತು. ನಾವಷ್ಟೇ ಅಲ್ಲ, ನಾವು ಬಂದು ನೆಲೆಸಿದ ನೆಲವೂ ವಲಸೆ ಬಂದದ್ದೇ.

ಅಂಧೇರಿಯಲ್ಲಿ ಮನೆಗಳ ನಡುವೆ ಎದ್ದು ನಿಂತ ಗಿಲ್ಬರ್ಟ್ ಬೆಟ್ಟದ ಕಂಬಗಲ್ಲುಗಳನ್ನು ನಮ್ಮಲ್ಲಿ ಎಷ್ಟೋ ಮಂದಿ ದಿನವೂ ಕಂಡು ಹಾದುಹೋಗುತ್ತೇವೆ. ರಸ ಆರುವಾಗ ಕುಗ್ಗಿ ಬಿರಿದದ್ದರಿಂದ ಆದ ಕಂಬಗಳು ಅವು. ಉಡುಪಿಯ ಕಡೆಯವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಳು ನೆನಪಾದಾವು. ಅಲ್ಲಿನ ಶಿಲೆ ಬೇರೆ, ವಯಸ್ಸೂ ಹೆಚ್ಚು, ಕಂಬವಾದ ರೀತಿ ಮಾತ್ರ ಒಂದೇ. ವಿಜಾಪುರದ ಕಡೆಯವರಿಗಂತೂ ಊರಿನ ಎರೆಮಣ್ಣು ಇದೇ ದಖನ್ನಿನ ಕಲ್ಲು ಸವೆದು ಆದದ್ದು. ಪಾತಾಳದಿಂದ ಬಂದದ್ದನ್ನು ನೋಡಲು ನಾವು ಇಳಿಯಬೇಕಾಗಿಲ್ಲ. ಅದೇ ಮೇಲೆದ್ದು ನಮ್ಮ ಮನೆಬಾಗಿಲಿಗೆ ಬಂದಿದೆ.

ಇಷ್ಟಾದ ಮೇಲೆ ನಮ್ಮ ತೀರ್ಪು ಇಷ್ಟೇ. ವೆರ್ನ್‌ನ ಕಾದಂಬರಿಯನ್ನು ಮಕ್ಕಳ ಕೈಯಿಂದ ಕಸಿಯಬೇಡಿ. ಅದರ ಭೂಗೋಳವನ್ನು ನಂಬಬೇಕಾಗಿಲ್ಲ, ಅದರ ಜಗಳವನ್ನು ಕಲಿಯಬೇಕು. ಪಠ್ಯಪುಸ್ತಕವನ್ನೂ ಎಸೆಯಬೇಡಿ; ಆದರೆ ಪದರಗಳ ಹೆಸರು ಬಾಯಿಪಾಠ ಒಪ್ಪಿಸಿದ ಮಗುವಿಗೆ “ಹೇಗೆ ಗೊತ್ತು?” ಎಂದು ಮನೆಯಲ್ಲಿ ಒಂದು ಮಾತು ಕೇಳಿ, ಕನ್ನಡದಲ್ಲಿಯೇ ಕೇಳಿ. ಉತ್ತರ ನಿಮಗೂ ಬಾರದಿದ್ದರೆ ನಾಚಿಕೆ ಬೇಡ, ಇಬ್ಬರೂ ಕೂಡಿ ಹುಡುಕಬಹುದು. ನಮಗೂ ಬಂದಿರಲಿಲ್ಲ.

ಮುಂದಿನ ಓದುಕೂಟದ ಮೊದಲ ಭಾನುವಾರ ಆ ಹುಡುಗಿಗೇ ಮೀಸಲು. ಇಂಗೆ ಲೆಹ್ಮನ್ ಕಥೆಯನ್ನು ಆಕೆ ಹೇಳುವಳು. ಒಂದು ತಿಂಗಳು ತಡವಾದ ಉತ್ತರವನ್ನು ನಾವು ಕೊಡುವೆವು. ಸದಸ್ಯರ ಮನೆಯಲ್ಲಿ ಹಳೆಯ ಪಾತಾಳಗರಡಿ ಏನಾದರೂ ಉಳಿದಿದ್ದರೆ ಆ ದಿನ ತರಬೇಕಾಗಿ ಕೋರುತ್ತೇವೆ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಅದನ್ನು ಕಂಡಿಲ್ಲ.